ಹೆಚ್ಚು ಬಲದ ತೋಟೆಗೆ ಬದಲಿಸಿದ ಹಳೆಯ ಸೈನಿಕ ರೈಫಲುಗಳು

ಒಂದು ತೋಟೆಗೆಂದು ತಯಾರಾದ ಸೈನಿಕ ರೈಫಲಿನ ನಳಿಗೆ, ಬೋಲ್ಟಿನ ತಲೆ, ಮ್ಯಾಗಜಿನ್ನುಗಳನ್ನು ಬದಲಿಸಿ, ಹೆಚ್ಚು ಒತ್ತಡದ ಇನ್ನೊಂದು ತೋಟೆ ಹಾರಿಸಲು ಅಣಿಗೊಳಿಸುವ ರೂಢಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ನಡೆದು ಬಂದಿದೆ. ದಾಸ್ತಾನಿನಲ್ಲಿರುವ ಲಕ್ಷಗಟ್ಟಲೆ ಹಳೆಯ ಬಂದೂಕುಗಳನ್ನು ಎಸೆಯದೆ ಹೊಸ ಕಾಲಕ್ಕೆ ಹೊಂದಿಸಿಕೊಳ್ಳುವುದು ಸೈನ್ಯಗಳ ಲೆಕ್ಕಾಚಾರ. ಅಗ್ಗಕ್ಕೆ ಸಿಕ್ಕ ರೈಫಲಿನಿಂದ ದುಬಾರಿ ಬೇಟೆ ಬಂದೂಕಿನ ಕೆಲಸ ಪಡೆಯುವುದು ಖಾಸಗಿಯವರ ಆಸೆ. ಎರಡರಲ್ಲೂ ಅಪಾಯದ ಮೂಲ ಒಂದೇ: ನಳಿಗೆ ಹೊಸದಾದರೂ ಸ್ಫೋಟದ ಹಿಂದೊತ್ತನ್ನು ತಡೆಯುವ ಉಕ್ಕಿನ ಮೈ ಹಳೆಯದೇ ಆಗಿ ಉಳಿಯುತ್ತದೆ.

ಭಾರತದಲ್ಲಿ ಈ ವಿಷಯಕ್ಕೆ ವಿಚಿತ್ರವಾದ ಒಂದು ತಿರುವು ಇದೆ. ಇಲ್ಲಿ ಬಂದೂಕಿನ ಬಲ ಹೆಚ್ಚಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡದ್ದು ಸರ್ಕಾರಿ ಕಾರ್ಖಾನೆ ಮಾತ್ರ. ಮಿಕ್ಕಂತೆ ಇಲ್ಲಿಯ ಬಂದೂಕಿನ ಚರಿತ್ರೆ ಬಲ ಕುಗ್ಗಿಸಿದ ಚರಿತ್ರೆ. ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆ ಅದಕ್ಕೆ ಒಳ್ಳೆಯ ಸಾಕ್ಷಿ.

ಒತ್ತಡದ ಲೆಕ್ಕ

ಕುದುರೆ ಎಳೆದ ಕ್ಷಣದಲ್ಲಿ ತೋಟೆಯೊಳಗಿನ ಮದ್ದು ಉರಿದು ಅನಿಲವಾಗುತ್ತದೆ. ಅದು ಗುಂಡನ್ನು ಮುಂದಕ್ಕೆ ದೂಡುವಷ್ಟೇ ಜೋರಾಗಿ ತೋಟೆಯ ತಳವನ್ನು ಹಿಂದಕ್ಕೆ ಒತ್ತುತ್ತದೆ. ಈ ಹಿಂದೊತ್ತನ್ನು ಹೊರುವುದು ತೋಟೆಯ ಹಿಂದೆ ಬಾಗಿಲಿನಂತೆ ಮುಚ್ಚಿಕೊಳ್ಳುವ ಬೋಲ್ಟು. ಬೋಲ್ಟನ್ನು ಹಿಡಿದು ನಿಲ್ಲಿಸುವುದು ಅದರ ಮೈಮೇಲಿನ ಒಂದೆರಡು ಉಕ್ಕಿನ ಗೂಟಗಳು. ಬಂದೂಕಿನವರು ಅವನ್ನು ಲಗ್ ಎನ್ನುತ್ತಾರೆ. ಬ್ರಿಟಿಷರ .303 ತೋಟೆಗೆ ಯುರೋಪಿನ ಸಿಐಪಿ ಸಂಸ್ಥೆ ನಿಗದಿಪಡಿಸಿರುವ ಗರಿಷ್ಠ ಒತ್ತಡ 365 ಮೆಗಾಪಾಸ್ಕಲ್. 7.62 ಮಿಮೀ ನಾಟೋ ತೋಟೆಯ ನಾಗರಿಕ ಜೋಡಿಯಾದ .308 ವಿಂಚೆಸ್ಟರ್‌ಗೆ ಅದು 415. ವ್ಯತ್ಯಾಸ ಕಡಿಮೆ ಅನ್ನಿಸಬಹುದು. ಆದರೆ .303ರ ತಳದ ಹೊರವ್ಯಾಸ ಸುಮಾರು 11.7 ಮಿಮೀ, 7.62ರದ್ದು ಸುಮಾರು 12 ಮಿಮೀ. ಒತ್ತಡವನ್ನು ತಳದ ವಿಸ್ತೀರ್ಣದಿಂದ ಗುಣಿಸಿದರೆ ಮೊದಲನೆಯದರ ಹಿಂದೊತ್ತು ಹೆಚ್ಚುಕಡಿಮೆ 4 ಟನ್ ಭಾರಕ್ಕೆ, ಎರಡನೆಯದರದ್ದು 4.8 ಟನ್ ಭಾರಕ್ಕೆ ಸಮ. ಒಂದು ಗುಂಡಿಗೆ ಶೇ 20ರಷ್ಟು ಹೆಚ್ಚು ಹೊರೆ. ಇದು ಒರಟು ಲೆಕ್ಕ. ಒಳವ್ಯಾಸ ಹಿಡಿದರೆ ಎರಡೂ ಅಂಕಿ ಇಳಿಯುತ್ತವೆ, ಅವುಗಳ ನಡುವಿನ ಅನುಪಾತ ಹೆಚ್ಚೇನೂ ಬದಲಾಗುವುದಿಲ್ಲ.

ಈ ಹೊರೆಯೆಲ್ಲವೂ ನೇರವಾಗಿ ಬೋಲ್ಟಿಗೆ ತಾಗುವುದಿಲ್ಲ. ಉಬ್ಬಿದ ಹಿತ್ತಾಳೆ ತೋಟೆ ತಾನು ಕೂರುವ ಚೇಂಬರಿನ ಗೋಡೆಗೆ ಕಚ್ಚಿ ಹಿಡಿದು ಒಂದಷ್ಟು ಪಾಲನ್ನು ತಾನೇ ಹೊರುತ್ತದೆ. ಚೇಂಬರಿನಲ್ಲಿ ಎಣ್ಣೆಯೋ ಮಳೆನೀರೋ ಇದ್ದರೆ ಆ ಹಿಡಿತ ಜಾರಿ ಪೂರ್ತಿ ಹೊಡೆತ ಲಗ್ಗುಗಳ ಮೇಲೆ ಬೀಳುತ್ತದೆ. ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ರೈಫಲುಗಳನ್ನು ಪ್ರೂಫ್ ಮಾಡುವಾಗ, ಅಂದರೆ ಹೆಚ್ಚು ಒತ್ತಡದ ತೋಟೆ ಹಾರಿಸಿ ಪರೀಕ್ಷಿಸುವಾಗ, ಒಂದು ಒಣ ತೋಟೆ, ಒಂದು ಎಣ್ಣೆ ಸವರಿದ ತೋಟೆ ಹೀಗೆ ಎರಡನ್ನು ಹಾರಿಸುತ್ತಿದ್ದದ್ದು ಇದೇ ಕಾರಣಕ್ಕೆ. ಬಂದೂಕನ್ನು ಚೊಕ್ಕವಾಗಿ ಒರೆಸಿ ಎಣ್ಣೆ ಹಾಕಿಡುವುದು ಒಳ್ಳೆಯ ಅಭ್ಯಾಸ. ಹಾರಿಸುವ ಮುನ್ನ ಆ ಎಣ್ಣೆಯನ್ನು ಚೇಂಬರಿನಿಂದ ತೆಗೆಯದಿರುವುದು ಕೆಟ್ಟ ಅಭ್ಯಾಸ.

ಲಗ್ಗುಗಳು ಎಲ್ಲಿವೆ ಎಂಬುದೂ ಮುಖ್ಯ. ಮೌಸರ್ ಮಾದರಿಯಲ್ಲಿ ಅವು ಬೋಲ್ಟಿನ ಮುಂತುದಿಯಲ್ಲಿ, ಚೇಂಬರಿಗೆ ತಾಗಿಯೇ ಇರುತ್ತವೆ. ಸ್ಕಾಟ್ಲೆಂಡಿನ ಹಾಯಿಕ್‌ನಲ್ಲಿ ಹುಟ್ಟಿದ ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ಬೋಲ್ಟಿನಲ್ಲಿ ಅವು ಹಿಂತುದಿಯಲ್ಲಿವೆ. ಇದರಿಂದ ಬೋಲ್ಟು ಬಲು ಚುರುಕಾಗಿ ಓಡುತ್ತದೆ. ಆದರೆ ಪ್ರತಿ ಗುಂಡಿಗೂ ಬೋಲ್ಟು ಕೂದಲೆಳೆಯಷ್ಟು ಕುಗ್ಗಿ, ಅದನ್ನು ಹಿಡಿದಿರುವ ಉಕ್ಕಿನ ಮೈಯಾದ ರಿಸೀವರ್ ಅಷ್ಟೇ ಹಿಗ್ಗಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಒತ್ತಡ ಹೆಚ್ಚಿದಷ್ಟೂ ಈ ಹಿಗ್ಗುವಿಕೆ ಹೆಚ್ಚು. ತೋಟೆಯೂ ಅದರ ಜೊತೆಗೆ ಹಿಗ್ಗಿ ತಳದ ಬಳಿ ತೆಳುವಾಗಿ ಕಡೆಗೆ ಎರಡು ತುಂಡಾಗುತ್ತದೆ. ಆಗ ಬಿಸಿ ಅನಿಲ ಹಾರಿಸುವವನ ಮುಖದ ಕಡೆಗೆ ನುಗ್ಗುತ್ತದೆ. ಬೋಲ್ಟೇ ಹಾರಿ ಬಂದು ಹಣೆಗೆ ಹೊಡೆಯುತ್ತದೆ ಎಂಬ ಭಯ ಜನರಲ್ಲಿ ಹೆಚ್ಚು. ಅಂಥದ್ದು ಅಪರೂಪ, ಅನಿಲ ಮತ್ತು ಹಿತ್ತಾಳೆಯ ಚೂರುಗಳಿಂದ ಕಣ್ಣಿಗಾಗುವ ಗಾಯದ ಸಾಧ್ಯತೆ ಅದಕ್ಕಿಂತ ಹೆಚ್ಚು.

ಈಶಾಪುರದ ಉದಾಹರಣೆ

ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆ 1904ರಲ್ಲಿ ಸ್ಥಾಪನೆಯಾಯಿತು. ಲೀ-ಎನ್‌ಫೀಲ್ಡಿನ ನಂಬರ್ 1 ಮಾರ್ಕ್ 3 ಮಾದರಿ ಅಲ್ಲಿ ದಶಕಗಟ್ಟಲೆ ತಯಾರಾಯಿತು. ಪೊಲೀಸರ ಬಾಯಲ್ಲಿ ಇಂದಿಗೂ ತ್ರೀ ನಾಟ್ ತ್ರೀ ಆಗಿರುವುದು ಇದೇ. ಬ್ರಿಟನ್ ಎರಡನೆಯ ಮಹಾಯುದ್ಧದ ವೇಳೆಗೆ ಹೆಚ್ಚು ಗಟ್ಟಿಯಾದ ನಂಬರ್ 4 ಮಾದರಿಗೆ ಹೊರಳಿತು, ಈಶಾಪುರ ಹಳೆಯದರಲ್ಲೇ ಉಳಿಯಿತು. 1962ರ ಚೀನಾ ಯುದ್ಧದ ಹೊತ್ತಿಗೆ ಭಾರತ ನಾಟೋದ 7.62 ತೋಟೆಯತ್ತ ಸಾಗುತ್ತಿತ್ತು. ತಾನೇ ಗುಂಡು ತುಂಬಿಕೊಳ್ಳುವ ಹೊಸ ರೈಫಲುಗಳು ಬೇಕಾದಷ್ಟು ಇರಲಿಲ್ಲ. ಎರಡು ಬಗೆಯ ತೋಟೆಗಳನ್ನು ಗಡಿಗೆ ಸಾಗಿಸುವುದೂ ತಲೆನೋವೇ. ಆಗ ಹುಟ್ಟಿದ್ದು 7.62 ಮಿಮೀ ಈಶಾಪುರ 2ಎ ರೈಫಲು. ಕೆಲವೇ ವರ್ಷಗಳಲ್ಲಿ ಅದರ ಗುರಿಪಟ್ಟಿಯನ್ನು 2000 ಮೀಟರಿನಿಂದ 800 ಮೀಟರಿಗೆ ಇಳಿಸಿ 2ಎ1 ಎಂದು ಕರೆದರು.

ನೋಡಲು ಅದು ಅದೇ ತ್ರೀ ನಾಟ್ ತ್ರೀ. ಹೊಟ್ಟೆಯ ಕೆಳಗಿನ ಮ್ಯಾಗಜಿನ್ ಚೌಕವಾಗಿದೆ, 12 ತೋಟೆ ಹಿಡಿಯುತ್ತದೆ. ಹೊರಗಿನಿಂದ ಕಾಣುವ ಮುಖ್ಯ ಗುರುತು ಅದು. ಹೀಗಾಗಿ ಇದನ್ನು ಪರಿವರ್ತಿತ ರೈಫಲು ಎಂದು ಅನೇಕರು ತಪ್ಪಾಗಿ ಬರೆಯುತ್ತಾರೆ. 2ಎ ಹಳೆಯ ಬಂದೂಕಿಗೆ ಹೊಸ ನಳಿಗೆ ತಿರುಪಿದ್ದಲ್ಲ. ಹಳೆಯ ನಕ್ಷೆಯನ್ನು ಇಟ್ಟುಕೊಂಡು ಉಕ್ಕಿನ ಜಾತಿಯನ್ನೂ ಅದಕ್ಕೆ ಹದ ಕೊಡುವ ಕ್ರಮವನ್ನೂ ಬದಲಿಸಿ, ಹೆಚ್ಚಿನ ಒತ್ತಡಕ್ಕೆಂದೇ ಪ್ರೂಫ್ ಮಾಡಿ ಹೊಸದಾಗಿ ಕಟ್ಟಿದ್ದು. ಈ ವಿಷಯದ ಮುಖ್ಯ ಪಾಠ ಇರುವುದು ಇಲ್ಲೇ. ಆಕಾರ ಒಂದೇ ಆದ ಮಾತ್ರಕ್ಕೆ ಮೊದಲ ಮಹಾಯುದ್ಧದ .303ರ ರಿಸೀವರಿಗೆ 7.62ರ ನಳಿಗೆ ಕೂರಿಸಿದರೆ ಅದು 2ಎ ಆಗುವುದಿಲ್ಲ. ಕಣ್ಣಿಗೆ ಒಂದೇ ಕಂಡರೂ ಲೋಹದ ಲೆಕ್ಕದಲ್ಲಿ ಅವು ಬೇರೆ ಬಂದೂಕುಗಳು.

ಬ್ರಿಟನ್ನಿನವರು ನಿಜವಾದ ಪರಿವರ್ತನೆ ಮಾಡಿದ್ದು ನಂಬರ್ 4ರ ಮೇಲೆ. ಅವರ ಎಲ್42ಎ1 ಎಂಬ ಗುರಿಕಾರರ ರೈಫಲು 1970ರಿಂದ ಬಳಕೆಗೆ ಬಂದು ಸುಮಾರು ಎರಡು ದಶಕ ಬಾಳಿತು. ಅದಕ್ಕೆ ಆಯ್ದದ್ದು ಯುದ್ಧಕಾಲದ ಅತ್ಯುತ್ತಮ ನಂಬರ್ 4(ಟಿ) ರೈಫಲುಗಳನ್ನು. ಅಷ್ಟು ಎಚ್ಚರ ವಹಿಸಿದ ಮೇಲೂ, ಕ್ಲಬ್ಬುಗಳ ಕೈಯಲ್ಲಿರುವ 7.62ರ ನಂಬರ್ 4 ರೈಫಲುಗಳ ಬಗ್ಗೆ 2010ರಲ್ಲಿ ಬ್ರಿಟನ್ನಿನ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಎಚ್ಚರಿಕೆ ಹೊರಡಿಸಬೇಕಾಯಿತು. ಸೈನ್ಯ ಹಾರಿಸುತ್ತಿದ್ದ ತೋಟೆ ಒಂದು. ಈಗಿನ ಸ್ಪರ್ಧಿಗಳು ಹಾರಿಸುವ ತೋಟೆಗಳ ಒತ್ತಡ ಅದಕ್ಕಿಂತ ಹೆಚ್ಚಿರಬಹುದು.

ಈಶಾಪುರದ ಹಳೆಯ ರೈಫಲುಗಳಲ್ಲಿ ಇನ್ನೊಂದು ಮೋಸ ಹೋಗುವ ಜಾಗವಿದೆ. ಕೆಲವುಗಳ ಮುಂಗೈ ಕಟ್ಟಿಗೆಯ ಸುತ್ತ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿರುತ್ತಾರೆ. ನೋಡಿದವರು ಇದು ಬಲಪಡಿಸಿದ ಬಂದೂಕು, ಏನನ್ನೂ ತಡೆದೀತು ಎಂದುಕೊಳ್ಳುತ್ತಾರೆ. ಅವು ನಳಿಗೆಯ ತುದಿಗೆ ಬಟ್ಟಲು ಸಿಕ್ಕಿಸಿ ಕೈಬಾಂಬು ಎಸೆಯಲು ಬಳಸಿದವು. ತಂತಿ ಇರುವುದು ಒಡೆದರೆ ಚೂರು ಹಾರದಿರಲಿ ಎಂದು. ಅಂಥ ರೈಫಲು ಉಳಿದವಕ್ಕಿಂತ ಹೆಚ್ಚು ದಣಿದದ್ದು.

ಅಳತೆಗಳ ಗೊಂದಲ

ಈಶಾಪುರದ 2ಎ, 2ಎ1 ರೈಫಲುಗಳು ಮುಂದೆ ಅಮೆರಿಕದ ಮಾರುಕಟ್ಟೆಗೆ ಹೋದವು. ಅಲ್ಲಿ ಅವುಗಳಲ್ಲಿ ಅಂಗಡಿಯ .308 ತೋಟೆ ಹಾರಿಸಬಹುದೇ ಎಂಬ ವಾದ ಇಂದಿಗೂ ಮುಗಿದಿಲ್ಲ. ವಾದದ ಬುಡದಲ್ಲಿ ಒಂದು ಅಂಕಿಯ ತಪ್ಪಿದೆ. 7.62ರ ಒತ್ತಡ ಚದರ ಇಂಚಿಗೆ 50,000 ಪೌಂಡ್, .308ರದ್ದು 62,000 ಎಂದು ಹಲವೆಡೆ ಅಚ್ಚಾಗಿದೆ. ಎರಡನೆಯದರಿಂದ ಬಂದೂಕು ಸಿಡಿದೇ ಹೋಗುತ್ತದೆ ಎಂದು ಓದುಗ ಬೆಚ್ಚುತ್ತಾನೆ. ಮೊದಲನೆಯದು ತಾಮ್ರದ ಬಿಲ್ಲೆಯನ್ನು ಜಜ್ಜಿಸಿ ಅಳೆಯುವ ಹಳೆಯ ಪದ್ಧತಿಯ ಅಂಕಿ, ಎರಡನೆಯದು ವಿದ್ಯುತ್ ಸಂವೇದಕದಿಂದ ಬಂದ ಅಂಕಿ. ಹಳೆಯ ಪದ್ಧತಿಯಲ್ಲೇ ಅಳೆದರೆ .308ರದ್ದು 52,000. ಎರಡೂ ತೋಟೆಗಳ ನಿಜವಾದ ಅಂತರ ಅಷ್ಟೇ ಸಣ್ಣದು.

ಆದರೆ ಅಷ್ಟಕ್ಕೆ ನಿಶ್ಚಿಂತೆಯಿಂದ ಇರುವಂತಿಲ್ಲ. ಸೈನಿಕ ರೈಫಲಿನ ಚೇಂಬರು ಕೆಸರು, ಧೂಳುಗಳ ನಡುವೆಯೂ ತೋಟೆ ಸಲೀಸಾಗಿ ಕೂರಲೆಂದು ತುಸು ಉದ್ದವಾಗಿರುತ್ತದೆ. ಸೈನಿಕ ತೋಟೆಯ ಹಿತ್ತಾಳೆ ಅದಕ್ಕೆ ತಕ್ಕಂತೆ ದಪ್ಪ. ಅಂಗಡಿಯ .308ರ ಹಿತ್ತಾಳೆ ಅಷ್ಟು ದಪ್ಪವಿರುವುದಿಲ್ಲ. ಬೋಲ್ಟಿನ ಮುಖದಿಂದ, ತೋಟೆಯನ್ನು ತಡೆದು ನಿಲ್ಲಿಸುವ ಚೇಂಬರಿನ ಭುಜದವರೆಗಿನ ಅಂತರವನ್ನು ಹೆಡ್‌ಸ್ಪೇಸ್ ಎನ್ನುತ್ತಾರೆ. ಅದನ್ನು ಅಳೆಯುವ ಉಕ್ಕಿನ ಗೇಜುಗಳಲ್ಲಿ .308ರದ್ದು ಸುಮಾರು 41.40 ಮಿಮೀನಿಂದ ಆರಂಭವಾಗುತ್ತದೆ. 41.61ಕ್ಕಿಂತ ಹೆಚ್ಚಾದರೆ ಬಂದೂಕು ಬಳಕೆಗೆ ಅನರ್ಹ. ಒಟ್ಟು ಆಟ ಒಂದು ಮಿಲಿಮೀಟರಿನ ಕಾಲು ಭಾಗವೂ ಇಲ್ಲ. ಕಣ್ಣಂದಾಜಿಗೆ ಇಲ್ಲಿ ಜಾಗವೇ ಇಲ್ಲ. ಲಗ್ಗುಗಳು ಮೆತ್ತಗಾಗಿ ಹಿಂದಕ್ಕೆ ಸರಿಯುತ್ತಿದ್ದರೆ ಅದು ಮೊದಲು ತೋರುವುದು ಈ ಗೇಜಿನಲ್ಲೇ. ನಂತರ ಖಾಲಿ ತೋಟೆ ಹೊರಬರಲು ಹಟ ಮಾಡುತ್ತದೆ, ಅದರ ತಳದ ಮೇಲ್ಗಡೆ ಹೊಳೆಯುವ ಉಂಗುರದಂಥ ಗೆರೆ ಮೂಡುತ್ತದೆ.

ಹೊರದೇಶಗಳ ಅನುಭವ

ಅಮೆರಿಕದ ಸೈನ್ಯ ತನ್ನ ಕ್ರಾಗ್ ರೈಫಲಿನ ಗುಂಡಿನ ವೇಗವನ್ನು 1899ರಲ್ಲಿ ಸೆಕೆಂಡಿಗೆ 2000 ಅಡಿಯಿಂದ 2200 ಅಡಿಗೆ ಏರಿಸಿತು. ಬಂದೂಕು ಅದೇ, ಮದ್ದಷ್ಟೇ ಹೆಚ್ಚು. ಕ್ರಾಗ್‌ನ ಬೋಲ್ಟನ್ನು ಮುಖ್ಯವಾಗಿ ಹಿಡಿದಿರುವುದು ಒಂದೇ ಒಂದು ಲಗ್. ಆ ಲಗ್ಗುಗಳು ಬಿರುಕು ಬಿಡತೊಡಗಿದವು, ಹೊಸ ತೋಟೆಗಳನ್ನು ಸೈನ್ಯ ವಾಪಸು ಪಡೆಯಿತು. ವೇಗದಲ್ಲಿ ಶೇ 10ರ ಏರಿಕೆ ಎಂದರೆ ಲೋಹಕ್ಕೆ ಎಷ್ಟು ಭಾರ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ದಾಖಲೆ ಬೇರೆ ಸಿಗುವುದು ಕಷ್ಟ.

ಅದೇ ದೇಶದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲಿನ ಕತೆ ಇನ್ನೂ ಬೋಧಪ್ರದ. ಅಲ್ಲಿ ಮುಖ್ಯವಾಗಿ ತಪ್ಪಿದ್ದು ಉಕ್ಕಿನ ಹದ. ಕುಲುಮೆಯಲ್ಲಿ ಕಾದ ಉಕ್ಕಿನ ಬಣ್ಣ ನೋಡಿ ಬಿಸಿ ಎಷ್ಟೆಂದು ಅನುಭವಿ ಕೆಲಸಗಾರರು ನಿರ್ಧರಿಸುತ್ತಿದ್ದರು. ಮೋಡ ಕವಿದ ದಿನ ಕಡುಗೆಂಪಾಗಿ ಕಾಣುವ ಲೋಹ ನಿಚ್ಚಳ ಬಿಸಿಲಿನಲ್ಲಿ ಮಂಕಾಗಿ ಕಾಣುತ್ತದೆ. ಹೀಗೆ ಬಿಸಿಲಿನ ದಿನಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕಾಯಿಸಿದ ರಿಸೀವರುಗಳು ಗಾಜಿನಂತೆ ಪೆಡಸಾದವು, ಮೊದಲ ಮಹಾಯುದ್ಧದ ವೇಳೆ ಕೆಲವು ಸಿಡಿದವು. 1918ರಲ್ಲಿ ಹದ ಕೊಡುವ ಕ್ರಮ ಬದಲಾಯಿತು. ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ಕ್ರಮಸಂಖ್ಯೆಯ ರೈಫಲುಗಳನ್ನು ಹಾರಿಸಬಾರದೆಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಸಿಡಿದ ರೈಫಲುಗಳ ವಿವರವನ್ನು ಜೂಲಿಯನ್ ಹ್ಯಾಚರ್ ಎಂಬ ಅಧಿಕಾರಿ ಕಲೆಹಾಕಿದರು. ಇದಕ್ಕೆ ತದ್ವಿರುದ್ಧ ದೋಷ ಮೆದು ಉಕ್ಕಿನದು. ಅದು ಸಿಡಿಯುವುದಿಲ್ಲ, ಮೆಲ್ಲಗೆ ಹಿಗ್ಗುತ್ತದೆ, ಎಚ್ಚರಿಸಿ ಕೆಡುತ್ತದೆ. ಪೆಡಸು ಉಕ್ಕು ಎಚ್ಚರಿಸುವುದೇ ಇಲ್ಲ. ಹಾಗಾಗಿ ನೂರು ಗುಂಡು ಹಾರಿಸಿದರೂ ಏನೂ ಆಗಿಲ್ಲ ಎಂಬ ಮಾಲೀಕನ ಭರವಸೆಗೆ ಬೆಲೆ ಕಡಿಮೆ.

ಜರ್ಮನಿ ತನ್ನ 1888ರ ರೈಫಲುಗಳನ್ನು 1905ರ ಹೊತ್ತಿಗೆ ದಪ್ಪ ಗುಂಡಿನ, ಹೆಚ್ಚು ವೇಗದ ಹೊಸ ತೋಟೆಗೆ ಹೊಂದಿಸಿ ಎಸ್ ಅಕ್ಷರದ ಮುದ್ರೆ ಒತ್ತಿತು. ಆ ಮುದ್ರೆ ಇಲ್ಲದ ನಳಿಗೆಗೆ ಹೊಸ ತೋಟೆ ಹಾಕಿದರೆ .323 ಇಂಚಿನ ಗುಂಡು .318 ಇಂಚಿಗೆಂದು ಲೆಕ್ಕ ಹಾಕಿದ ನಳಿಗೆಯಲ್ಲಿ ನುಗ್ಗಬೇಕು. ಸ್ಪೇನು 1950ರ ದಶಕದ ನಂತರ ಹಳೆಯ ಮೌಸರುಗಳನ್ನು 7.62ಕ್ಕೆ ಬದಲಿಸಿತು. ಅವುಗಳಲ್ಲಿ 1893ರ ನಕ್ಷೆಯ ತೆಳುಮೈಯ ರೈಫಲುಗಳ ಬಗ್ಗೆ ಅನುಮಾನ ಹೆಚ್ಚು. ಅನಿಲ ಸೋರಿದರೆ ಅದನ್ನು ಪಕ್ಕಕ್ಕೆ ತಿರುಗಿಸುವ ವ್ಯವಸ್ಥೆ ಅವುಗಳಲ್ಲಿ ಅಷ್ಟಕ್ಕಷ್ಟೇ. 1898ರ ಮೌಸರಿಗೆ ಹಿಂದೆ ಮೂರನೆಯ ಲಗ್ಗೂ ಅನಿಲ ಹೊರಹೋಗುವ ದೊಡ್ಡ ಕಿಂಡಿಗಳೂ ಬಂದವು. ಇಸ್ರೇಲು ಆ ಮಾದರಿಯ ರೈಫಲುಗಳನ್ನು 7.62ಕ್ಕೆ ಬದಲಿಸಿ ತೃಪ್ತಿಯಾಗಿ ಬಳಸಿತು.

ಬಲ ಕುಗ್ಗಿಸಿದ ಬಂದೂಕುಗಳು

1857ರಲ್ಲಿ ಕಂಪನಿ ಸರ್ಕಾರ ಜನರಿಂದ ಆಯುಧ ಕಸಿದುಕೊಳ್ಳುವ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಬ್ರಿಟಿಷ್ ಪಡೆ ಊರಿಗೆ ಮುತ್ತಿಗೆ ಹಾಕಿ ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಗಳಲ್ಲಿ ಹಲಗಲಿ ಬೇಡರದ್ದೂ ಸೇರಿದೆ. ಹಲಗಲಿಯ ಜನರ ಕೈಯಲ್ಲಿದ್ದವು ಸೈನಿಕ ರೈಫಲುಗಳಲ್ಲ. ಆದರೆ ಪ್ರಜೆಯ ಆಯುಧ ಸರ್ಕಾರದ ಆಯುಧಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕು ಎಂಬ ನೀತಿ ಆ ವರ್ಷದ ಭಯದಿಂದಲೇ ಗಟ್ಟಿಯಾಯಿತು. 1857ರ ಸಿಪಾಯಿ ದಂಗೆಯ ನಂತರ ದೇಶೀ ಸಿಪಾಯಿಗಳಿಗೂ ಸುರುಳಿಗೆರೆಯಿಲ್ಲದ ನುಣುಪು ನಳಿಗೆಯ ಬಂದೂಕುಗಳನ್ನು ಕೊಟ್ಟರು. 1878ರ ಆಯುಧ ಕಾಯ್ದೆ ಲೈಸೆನ್ಸನ್ನು ಬಿಗಿ ಮಾಡಿತು.

ಈ ನೀತಿಯ ಕೂಸುಗಳೇ ಭಾರತದ ವಿಶಿಷ್ಟ ಪರಿವರ್ತನೆಗಳು. ಪೊಲೀಸರಿಗೆ, ಜೈಲು ಕಾವಲಿಗೆಂದು .303 ರೈಫಲುಗಳ ನಳಿಗೆಯನ್ನು ಕೊರೆದು ನುಣುಪುಗೊಳಿಸಿ, ಒಂದೊಂದೇ ಗುಂಡು ಹಾರಿಸುವ .410 ಮಸ್ಕೆಟ್ ಮಾಡಿದರು. ಕಸಿದುಕೊಂಡು ಓಡಿದವನಿಗೆ ಹೆಚ್ಚು ಉಪಯೋಗವಾಗಬಾರದು ಎಂಬುದು ಇಲ್ಲಿನ ತರ್ಕ. ತರಬೇತಿಗೆಂದು .22ಕ್ಕೆ ಇಳಿಸಿದವೂ ಇವೆ. ಕವಾಯತಿಗಷ್ಟೇ ಇರುವ ರೈಫಲುಗಳ ಮೇಲೆ ಡಿಪಿ ಎಂಬ ಮುದ್ರೆ ಇರುತ್ತದೆ. ಅಂಥದ್ದನ್ನು ಮತ್ತೆ ಜೀವಂತ ಮಾಡಲು ಹೋಗುವುದು ಎಲ್ಲ ಪರಿವರ್ತನೆಗಳಲ್ಲೂ ಅತ್ಯಂತ ಅವಿವೇಕದ್ದು, ಏಕೆಂದರೆ ಸವೆತದಿಂದಲೋ ಬಿರುಕಿನಿಂದಲೋ ಅನರ್ಹವಾದ ರೈಫಲಿಗೇ ಸಾಮಾನ್ಯವಾಗಿ ಆ ಮುದ್ರೆ ಬೀಳುತ್ತದೆ. ನಾಗರಿಕರಿಗೆ ಸೈನ್ಯದ ಅಳತೆಯ ತೋಟೆ ಕೊಡಬಾರದೆಂದು ಲೀ-ಎನ್‌ಫೀಲ್ಡ್ ಮೈಗೆ ಆಸ್ಟ್ರಿಯಾ ಮೂಲದ 8 ಮಿಮೀ ತೋಟೆ ಹೊಂದಿಸಿದರು. ಅದೇ ಇಂದಿನ .315 ಸ್ಪೋರ್ಟಿಂಗ್ ರೈಫಲು. ಈ ತೋಟೆ .303ರ ಓರಗೆಯದು, ಅದಕ್ಕಿಂತ ಜೋರಿನದಲ್ಲ. ರಾಜಕೀಯ ಕಾರಣಕ್ಕೆ ಮಾಡಿದ ಬದಲಾವಣೆಯಿಂದ ಹುಟ್ಟಿದ್ದು ಸುರಕ್ಷಿತ ಬಂದೂಕು ಎಂಬುದು ತಮಾಷೆಯಾದರೂ ನಿಜ.

ಜಮಖಂಡಿ-ಮುಧೋಳ ಸೀಮೆ

1948ರವರೆಗೆ ಜಮಖಂಡಿ ಪಟವರ್ಧನರದ್ದು, ಮುಧೋಳ ಘೋರ್ಪಡೆಯವರದ್ದು, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು, ಬೀಳಗಿ 1947ರವರೆಗೆ ಬ್ರಿಟಿಷರು ಆಳಿದ ವಿಜಾಪುರ ಜಿಲ್ಲೆಯದ್ದು. ಮುಧೋಳದ ನಾಯಿಗೆ ಹೆಸರು ಬಂದದ್ದೇ ಬೇಟೆಯಿಂದ. ಇಂದು ಅದೇ ಬಯಲಿನಲ್ಲಿ ಮುಧೋಳ, ಬೀಳಗಿ ತಾಲೂಕುಗಳಿಗೆ ಸೇರಿದ ಯಡಹಳ್ಳಿ ಚಿಂಕಾರ ವನ್ಯಧಾಮವಿದೆ, ಬೇಟೆ 1972ರ ವನ್ಯಜೀವಿ ಕಾಯ್ದೆಯಿಂದ ನಿಂತಿದೆ. ಹೆಚ್ಚು ಬಲದ ರೈಫಲಿನ ಅಗತ್ಯವೇ ಈಗ ಯಾರಿಗೂ ಉಳಿದಿಲ್ಲ. ಕಬ್ಬಿನ ಗದ್ದೆಗೆ ಹಂದಿ ನುಗ್ಗುತ್ತದೆಂದು ಬೆಳೆ ರಕ್ಷಣೆಗೆ ಪಡೆವ ಲೈಸೆನ್ಸು, ಬ್ಯಾಂಕಿನ ಬಾಗಿಲಲ್ಲಿ ಕೂರುವ ಕಾವಲುಗಾರನ ಲೈಸೆನ್ಸು ಸಾಮಾನ್ಯವಾಗಿ ಒಂಟಿನಳಿಗೆ ಅಥವಾ ಜೋಡುನಳಿಗೆಯ 12 ಬೋರಿನದು.

ಆದರೆ ಅಪಾಯ ಅಲ್ಲೂ ಅದೇ ತರ್ಕದ್ದು. ಕರಿಮದ್ದಿನ ಕಾಲದ ಜೋಡುನಳಿಗೆಗಳಲ್ಲಿ ಕೆಲವು ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಗೊಳಿಸಿ ಬೆಸೆದು ಮಾಡಿದವು. ಮೈಮೇಲೆ ಚಂದದ ಅಲೆಅಲೆ ವಿನ್ಯಾಸವಿರುತ್ತದೆ. ಅವಕ್ಕೆ ಇಂದಿನ ಹೊಗೆರಹಿತ ಮದ್ದಿನ ತೋಟೆ ಹಾಕುವುದು ಹಳೆಯ ರೈಫಲಿಗೆ ಬಲದ ತೋಟೆ ಹಾಕಿದಂತೆಯೇ. 65 ಮಿಮೀ ಚೇಂಬರಿಗೆ 70 ಮಿಮೀ ತೋಟೆಯೂ ಸಲೀಸಾಗಿ ಕೂರುತ್ತದೆ. ಹಾರಿದಾಗ ಅದರ ಮಡಿಕೆ ಬಿಚ್ಚಲು ಜಾಗವಿಲ್ಲದೆ ಒತ್ತಡ ಒಮ್ಮೆಲೇ ಏರುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ತೋಟೆ ಒಡೆದು ತೆಗೆದ ಮದ್ದನ್ನು ಬಾಯಿಂದ ತುಂಬುವ ನಾಡ ಬಂದೂಕಿಗೆ ಸುರಿಯುವುದು. ಕರಿಮದ್ದಿಗೆ ಬಳಸುವ ಅಳತೆಯನ್ನೇ ಇದಕ್ಕೂ ಬಳಸಿದರೆ ನಳಿಗೆ ಸೀಳುತ್ತದೆ, ಎಡಗೈ ಬೆರಳುಗಳು ಹೋಗುತ್ತವೆ. .315 ರೈಫಲಿನ ತೋಟೆಗೆಂದು ಕಳ್ಳತನದಲ್ಲಿ ಮಾಡುವ ಕಂಟ್ರಿ ಪಿಸ್ತೂಲಿನ ಬಗ್ಗೆ ಸುರಕ್ಷತೆಯ ಮಾತೇ ಬೇಡ. ಅದರಲ್ಲಿ ಲಗ್ ಇಲ್ಲ, ಪ್ರೂಫ್ ಇಲ್ಲ, ಕೊಳವೆಯ ಉಕ್ಕು ಯಾವುದೆಂದು ಮಾಡಿದವನಿಗೂ ತಿಳಿಯದು.

ಪರೀಕ್ಷೆ ಮತ್ತು ಕಾನೂನು

ಪರಿವರ್ತನೆ ಸುರಕ್ಷಿತವೇ ಎಂಬುದಕ್ಕೆ ಒಪ್ಪಬಹುದಾದ ಸಾಕ್ಷಿ ಪ್ರೂಫ್ ಮುದ್ರೆ. ಸಿಐಪಿ ಕ್ರಮದಲ್ಲಿ ರೈಫಲಿಗೆ ಗರಿಷ್ಠ ಒತ್ತಡಕ್ಕಿಂತ ಶೇ 25 ಹೆಚ್ಚಿನ ತೋಟೆ ಹಾರಿಸಿ, ಬಳಿಕ ಅಳತೆ ನೋಡಿ ಮುದ್ರೆ ಹಾಕುತ್ತಾರೆ. ನಳಿಗೆಯಾಗಲಿ ಬೋಲ್ಟಾಗಲಿ ಬದಲಾದರೆ ಹಳೆಯ ಮುದ್ರೆ ಬೆಲೆ ಕಳೆದುಕೊಳ್ಳುತ್ತದೆ. ನಳಿಗೆಯ ಮೇಲೆ ಕೆತ್ತಿದ ತೋಟೆಯ ಹೆಸರು, ಪ್ರೂಫ್ ಮುದ್ರೆಯ ಅಂಕಿ, ಬೋಲ್ಟು ಮತ್ತು ರಿಸೀವರುಗಳ ಕ್ರಮಸಂಖ್ಯೆ ಇವುಗಳಲ್ಲಿ ಒಂದು ತಾಳೆಯಾಗದಿದ್ದರೂ ಆ ಬಂದೂಕನ್ನು ಹಾರಿಸಬಾರದು.

ಭಾರತದಲ್ಲಿ .303 ಮತ್ತು 7.62 ಎರಡೂ ನಿಷೇಧಿತ ಬೋರುಗಳು. 1959ರ ಆಯುಧ ಕಾಯ್ದೆಯ 5ನೇ ಕಲಮಿನ ಪ್ರಕಾರ ಬಂದೂಕನ್ನು ಪರಿವರ್ತಿಸುವುದಕ್ಕೂ ದುರಸ್ತಿ ಮಾಡುವುದಕ್ಕೂ ಪ್ರೂಫ್ ನೋಡುವುದಕ್ಕೂ ಲೈಸೆನ್ಸು ಬೇಕು. 2019ರ ತಿದ್ದುಪಡಿ 6ನೇ ಕಲಮಿನಲ್ಲಿ, ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದನ್ನೂ ಹೆಸರಿಸಿ ಸೇರಿಸಿತು. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಊರಿನ ಕಮ್ಮಾರನೋ ಲೇಥಿನವನೋ ಎಷ್ಟೇ ಕುಶಲಿಯಾದರೂ ಈ ಕೆಲಸಕ್ಕೆ ಕೈ ಹಾಕುವಂತಿಲ್ಲ.

ತೀರಿಹೋದ ಹಿರಿಯರ ಹೆಸರಿನ ಬಂದೂಕು ಮನೆಯ ಅಟ್ಟದಲ್ಲಿ ಉಳಿದಿದ್ದರೆ ಅದು ಹಾರುತ್ತದೋ ಇಲ್ಲವೋ ಎಂದು ನೋಡಲು ಹೋಗಬಾರದು. ಕಾಯ್ದೆಯ 21ನೇ ಕಲಮಿನಂತೆ ಅದನ್ನು ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸು ಪಡೆದ ಬಂದೂಕು ವ್ಯಾಪಾರಿಯ ಬಳಿ ಜಮಾ ಮಾಡಿ ರಸೀದಿ ಪಡೆಯಬೇಕು.